ಹೆದರಿದ್ದು ಎಲ್ಲಿ, ಹೇಳು

ಹೊನ್ನಾವರ
ಸೋಮವಾರ, 18 ನವೆಂಬರ್ 2024

ತಮ್ಮ ಸಂತೋಷನಿಗೆ ಅಕ್ಕ ಮಾಲಿನಿಯ ಆಶೀರ್ವಾದ.

ನಾವು ಇಲ್ಲಿ ಸೌಖ್ಯ. ನೀನೂ ಜಯಶ್ರೀಯೂ ಸೌಖ್ಯವೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕಿತ್ತು, ಕೈ ಬರಲಿಲ್ಲ. ತಡವಾಯಿತು, ತಪ್ಪು ತಿಳಿಯಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಹಾಕಿದ್ದಕ್ಕೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಅದಕ್ಕೇ ಕಾಗದ ಹಿಡಿದೆ. ಕಾಗದ ಓದಿದೆಯೋ ಒಲೆಗೆ ಹಾಕಿದೆಯೋ ಅಂತ ನನಗೆ ಇಲ್ಲಿಂದ ಕಾಣುವುದಿಲ್ಲ. ನಿನಗೂ ಅದೇ ಅನುಕೂಲ.

ಅಂಗನವಾಡಿ ನೌಕರರ ಸಂಘದ ಪರವಾಗಿ ಸರ್ಕಾರಕ್ಕೆ ಮನವಿ ಬರೆದೂ ಬರೆದೂ ನನ್ನ ಕೈಗೆ ಒಂದೇ ಕ್ರಮ ಗೊತ್ತು. ಏನು ಕೊಡುತ್ತೇವೆ ಅಂದಿದ್ದರು, ಏನು ಕೊಡಲಿಲ್ಲ. ಒಡಹುಟ್ಟಿದವನಿಗೆ ಬರೆಯುವಾಗಲೂ ಅದೇ ಬರುತ್ತದೆ. ಸಹಿಸಿಕೋ.

ಆಟದಲ್ಲಿ ಕದ್ದು ಫೋನಿನ ಸಹಾಯ ಪಡೆದಳೆಂದು ಧನ್ಯಶ್ರೀಯ ಮೇಲೆ ದೂರು ಬಂದಾಗ ನಿಮ್ಮ ಕರಾವಳಿ ಚದುರಂಗ ಸಂಘ ಹೇಳಿದ್ದು: ದೂರಿನ ಪ್ರತಿ ಕೊಡುತ್ತೇವೆ. ಕೊಡಲಿಲ್ಲ. ಕಂಪ್ಯೂಟರಿನ ವರದಿಯನ್ನು ತೋರಿಸುತ್ತೇವೆ. ಮೇಜಿನ ಆ ಬದಿಯಿಂದ ಎತ್ತಿ ಹಿಡಿದು, ಮಡಚಿ ಇಟ್ಟರು. ಹುಡುಗಿಯನ್ನು ಹಲಗೆಯ ಮುಂದೆ ಕೂರಿಸಿ ಅವಳ ನಡೆಗಳನ್ನು ಅವಳ ಬಾಯಿಂದಲೇ ಕೇಳುತ್ತೇವೆ. ಹಲಗೆಯನ್ನೇ ತರಲಿಲ್ಲ. ಅವಳ ಪರವಾಗಿ ಹಿರಿಯರೊಬ್ಬರು ಮಾತಾಡಬಹುದು. ನನ್ನನ್ನು ಬಾಗಿಲ ಹೊರಗೆ, ಚಪ್ಪಲಿಗಳ ಜೊತೆ ನಿಲ್ಲಿಸಿದರು. ತೀರ್ಮಾನವಾಗುವವರೆಗೆ ಹೆಸರು ಹೊರಗೆ ಹೋಗುವುದಿಲ್ಲ. ಕುಮಟಾದಿಂದ ಭಟ್ಕಳದವರೆಗೆ ಇರುವ ಎಲ್ಲ ಚೆಸ್ ಗುಂಪುಗಳಲ್ಲಿ ಆ ದಿನ ಸಂಜೆಯೇ ಅವಳ ಫೋಟೋ ತಿರುಗುತ್ತಿತ್ತು, ಕೆಳಗೆ ಮೊಬೈಲಿನ ಚಿತ್ರ, ನಗುವ ಮುಖಗಳ ಸಾಲು.

ಬಹುಮಾನ ತಡೆದರು. ರಾಜ್ಯದ ಆಯ್ಕೆ ಪಂದ್ಯಕ್ಕೆ ಹೋಗಬೇಕಾದ ಹೆಸರು ತೆಗೆದರು. ಎರಡು ವರ್ಷ ಎಲ್ಲಿಯೂ ಆಡುವ ಹಾಗಿಲ್ಲ ಎಂದು ಶಿಫಾರಸು ಬರೆದರು. ಅದರ ಪ್ರತಿ ಮಾತ್ರ ಅಂಚೆಯಲ್ಲಿ ಸರಿಯಾಗಿ ಬಂತು. ಅದಕ್ಕೆ ಮುಂದಿನ ಸಭೆಯಲ್ಲಿ ಒಪ್ಪಿಗೆ ಬಿದ್ದರೆ ಮುಗಿಯಿತು, ಕೇಳುವವರಿಲ್ಲ. ಕೆಳಗೆ ಮೂರು ಸಹಿ. ಮೂರನೆಯದು ಮುಖ್ಯ ತೀರ್ಪುಗಾರನದು. ಅಪ್ಪನ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟುಕೊಂಡು ಮಾಡಿದ ಸಹಿ ಅದು, ಸಂತೋಷ. ನಿನ್ನದು.

ಸಭೆಯಲ್ಲಿ ಆ ಹುಡುಗಿ ಯಾರೆಂದು ಕೇಳಿದಾಗ ನೀನು "ಪರಿಚಯ ಇದೆ" ಅಂದೆ. ಬಾಗಿಲ ಸಂದಿಯಿಂದ ನನಗೇ ಕೇಳಿಸಿತು. ಪರಿಚಯ! ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯ, ಮೀನು ಮಾರುವ ಗಂಗಿಯ ಮಗಳು. ಅವಳ ತಾಯಿ ಪೇಟೆಗೆ ಹೋದಾಗ ನಮ್ಮ ಜಗಲಿಯಲ್ಲಿ ಬೆಳೆದವಳು. ನೀನು ಕುಮಟಾಕ್ಕೆ ಹೈಸ್ಕೂಲು ಮಾಸ್ತರನಾಗಿ ಹೋಗುವವರೆಗೆ, ಇದು ಆನೆ, ಇದು ಒಂಟೆ, ಒಂಟೆ ಓರೆಯಾಗಿ ಹೋಗುತ್ತದೆ ಅಂತ ಅವಳ ಬೆರಳು ಹಿಡಿದು ತೋರಿಸಿದವನು ನೀನು. ಈಗ ಪಿಯುಸಿ ಎರಡನೇ ವರ್ಷ. ನನ್ನನ್ನು ಹತ್ತರಲ್ಲಿ ಆರು ಸಲ ಸೋಲಿಸುತ್ತಾಳೆ. ನಿನ್ನನ್ನೂ ಸೋಲಿಸುತ್ತಾಳೆ, ನೀನು ಆಡಲು ಬಂದರೆ.

ನೀನು ಮರೆತಿರಬಹುದು, ಅಪ್ಪನ ಮಾತು ಬರೆಯುತ್ತೇನೆ. ಅಪ್ಪ ದೋಣಿಯ ತಾಂಡೇಲನಾಗಿದ್ದ, ಚುಕ್ಕಾಣಿಯೂ ಅವನದೇ, ಜವಾಬ್ದಾರಿಯೂ ಅವನದೇ. ದಡಕ್ಕೆ ಬಂದು ಬಲೆ ಇಳಿಸಿದ ಮೇಲೆ, ಮೀನಿನ ಪಾಲು ಮಾಡುವ ಮೊದಲು, ಜೊತೆಗಿದ್ದ ಪ್ರತಿಯೊಬ್ಬನನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದ. "ಹೆದರಿದ್ದು ಎಲ್ಲಿ, ಹೇಳು." ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅಂತ ಒಬ್ಬ. ಬಲೆ ಎಳೆಯುವಾಗ ದೋಣಿ ವಾಲಿತಲ್ಲ, ಆಗ ಅಂತ ಇನ್ನೊಬ್ಬ. ಹೆದರಲೇ ಇಲ್ಲ ಅಂದವನಿಗೆ ಮರುದಿನ ದೋಣಿಯಲ್ಲಿ ಜಾಗವಿಲ್ಲ. "ಹೆದರ್‍ಲಿಲ್ಲ ಅಂದಂವ ಒಂದೋ ಸುಳ್ಳ, ಇಲ್ದಿದ್ರೆ ನಿದ್ದೆ ಮಾಡ್ತಿದ್ದ. ಇಬ್ರೂ ದೋಣಿಗೆ ಬ್ಯಾಡ." ಇಷ್ಟೇ ಅಪ್ಪನ ಶಾಸ್ತ್ರ.

ನಾವಿಬ್ಬರೂ ಅದನ್ನೇ ಚೆಸ್ಸಿಗೆ ತಂದೆವು. ಆಟ ಮುಗಿದ ಕೂಡಲೇ ಫೋನು ಮುಟ್ಟುವ ಹಾಗಿಲ್ಲ. ಕಾಯಿಗಳನ್ನು ಮತ್ತೆ ಜೋಡಿಸಬೇಕು, ಆಡಿದ ಆಟವನ್ನೇ ನಿಧಾನಕ್ಕೆ ಮತ್ತೆ ಆಡಬೇಕು, ಎಲ್ಲಿ ಹೆದರಿದೆ, ಹೆದರಿ ಏನು ಮಾಡಿದೆ, ಎದುರಿನವರು ಏನು ಮಾಡಿಯಾರು ಅಂದುಕೊಂಡಿದ್ದೆ, ಎಲ್ಲವನ್ನೂ ಬಾಯಿ ಬಿಟ್ಟು ಹೇಳಬೇಕು. ಲ್ಯಾಪ್‌ಟಾಪು ತೆರೆಯುವುದು ಅದಾದ ಮೇಲೆ. ಚೆಸ್ ಎಂಜಿನ್ ಪ್ರತಿ ನಡೆಗೂ ಒಂದು ಅಂಕಿ ತೋರಿಸುತ್ತದೆ, ನಾವು ಮೇಲಿದ್ದರೆ ಪ್ಲಸ್, ಕೆಳಗಿದ್ದರೆ ಮೈನಸ್. ಆ ಅಂಕಿ ಎಲ್ಲಿ ಒಮ್ಮೆಲೇ ಬಿತ್ತು ಅಂತ ನೋಡುವುದು. ಬಿದ್ದ ಜಾಗವೂ ನಾವು ಹೆದರಿದ ಜಾಗವೂ ಒಂದೇ ಆಗಿದ್ದರೆ ಕಣ್ಣು ಸರಿ ಇದೆ, ಕೈ ಹೇಡಿ. ಬೇರೆ ಬೇರೆಯಾಗಿದ್ದರೆ ಕಣ್ಣೇ ಸರಿ ಇಲ್ಲ, ಆ ಬಗೆಯ ಆಟವನ್ನು ಮೊದಲಿನಿಂದ ಕಲಿಯಬೇಕು. ಎಂಜಿನ್ ಹೇಳಿದ ನಡೆಯನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೆ ಒತ್ತಿಕೊಳ್ಳುವುದೂ ಇಲ್ಲ. ನಮ್ಮ ನಡೆ ಯಾಕೆ ಸೋಲುತ್ತದೆ ಅಂತ ಅದರ ಎದುರೇ ಆಡಿ, ಹೊಡೆತ ತಿಂದು, ತಿಳಿದುಕೊಳ್ಳುವುದು. ಅದಕ್ಕೆ ಹೆದರಿಕೆ ಇಲ್ಲ. ಹೆದರಿಕೆ ಇಲ್ಲದವರನ್ನು ಕೊನೆಯಲ್ಲಿ ಕೇಳಬೇಕು.

ಒಮ್ಮೆ ಗಂಗಿ ಬುಟ್ಟಿ ಇಳಿಸಿ ನಮ್ಮ ಜಗಲಿಯಲ್ಲಿ ಕೂತಿದ್ದಳು. "ಇದ್ರ ಹೆಸ್ರು ಎಂತ?" ಅಂದಳು. ಸ್ಟಾಕ್‌ಫಿಶ್ ಅಂತ ಧನ್ಯಶ್ರೀ ಹೇಳಿದಳು. ಒಣಮೀನಿಗೆ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರಂತೆ. ಗಂಗಿ ತಲೆ ಆಡಿಸಿದಳು. "ಒಣಮೀನಾ! ಅದ್ಕೇ ಹೇಳ್ದೆ, ಉಪ್ಪು ಖಾರ ಒಂದೂ ಇಲ್ದೆ ಮಾತಾಡ್ತದೆ ಅದು."

ನಮ್ಮ ಕಡೆಯ ಮುಕ್ಕಾಲು ಆಟಗಾರರು ಏನು ಮಾಡುತ್ತಾರೆಂದು ನಿನಗೆ ಗೊತ್ತು. ಸೋತು ಎದ್ದ ಕೂಡಲೇ ಚಹಾದಂಗಡಿಯಲ್ಲಿ ಫೋನು ತೆಗೆದು ಕೆಂಪು ಗುರುತು ಎಷ್ಟು ಅಂತ ಎಣಿಸುತ್ತಾರೆ. "ಗೆದ್ದಿದ್ದೆ ಮಾರಾಯ, ನೋಡು, ಇಲ್ಲಿ ಪ್ಲಸ್ ನಾಲ್ಕಿತ್ತು" ಅನ್ನುತ್ತಾರೆ. ಪ್ಲಸ್ ನಾಲ್ಕು ಅಂತ ಆ ಹೊತ್ತಿಗೆ ಆಡಿದವನಿಗೆ ಗೊತ್ತಿತ್ತೇ? ಗೊತ್ತಿದ್ದದ್ದು ಫೋನಿಗೆ. ಫೋನು ಗೆದ್ದಿತ್ತು, ಅವನು ಸೋತ. ನಿಮ್ಮ ಸಂಘ ಈ ಚಹಾದಂಗಡಿಯ ಬುದ್ಧಿಯನ್ನೇ ವಿಚಾರಣೆ ಅಂತ ಕರೆದದ್ದು.

ಆಟ ನಡೆದ ಭಾನುವಾರ ನಾನು ಸಂಘಟನೆಯ ಕೆಲಸಕ್ಕೆ ಕಾಯ್ಕಿಣಿಗೆ ಹೋಗಿದ್ದೆ. ಸಂಜೆ ಧನ್ಯಶ್ರೀ ಬಂದು ಎಲ್ಲ ಹೇಳಿದಳು. ಕೊನೆಯ ಸುತ್ತು. ಎದುರು ನಿಮ್ಮ ಅಧ್ಯಕ್ಷ ವೆಂಕಟ್ರಮಣ ರಾಯರ ಮಗ ಸುಮಿತ, ಎಂಜಿನಿಯರಿಂಗ್ ಓದುವವನು. ಇವಳಿಗೆ ಕಪ್ಪು ಕಾಯಿ. ಮಂತ್ರಿಗಳೆರಡೂ ಹೊರಗೆ ಹೋಗಿದ್ದವು. ಇವಳ ಕುದುರೆಯನ್ನು ಹೊಡೆಯಲು ಅವನ ಕಾಲಾಳು ನಿಂತಿತ್ತು. ಯಾರೇ ಆದರೂ ಕುದುರೆಯನ್ನು ಹಿಂದೆ ತೆಗೆಯುತ್ತಾರೆ. ಇವಳು ಬಹಳ ಹೊತ್ತು ಕೂತಳು, ಗಡಿಯಾರದಲ್ಲಿ ಇದ್ದ ಹೊತ್ತೆಲ್ಲ ಸುರಿದಳು, ಆಮೇಲೆ ಕುದುರೆಯನ್ನು ಸಾಯಲು ಬಿಟ್ಟು ರಾಜನನ್ನು ಒಂದು ಮನೆ ಮುಂದಕ್ಕೆ ನಡೆಸಿದಳು. ಬಯಲಿಗೆ. ಕುದುರೆ ಹೋಯಿತು. ರಾಜ ನಡೆಯುತ್ತಲೇ ಹೋದ. ರಾಜನ ಬೆನ್ನಿಗೆ ಇವಳ ಮೂರು ಕಾಲಾಳು. ಸುಮಿತನ ಆನೆಗಳು ಆ ಮೂರನ್ನು ತಡೆಯಲು ಓಡಾಡಿ ಸುಸ್ತಾದವು. ಗೆದ್ದಳು.

ಮೀನುಗಾರರ ಕೇರಿಯ ಹುಡುಗಿ ಕುಮಟಾದಲ್ಲಿ, ಕುರ್ಚಿಗಳಿಗೆ ಬಿಳಿ ಬಟ್ಟೆ ಹಾಕಿದ ಸಭಾಂಗಣದಲ್ಲಿ, ಗೆದ್ದಳು. ತಪ್ಪು ಅಲ್ಲಿಂದಲೇ ಶುರುವಾಯಿತು.

ಸುಮಿತನ ಮೇಲೆ ನನಗೆ ಸಿಟ್ಟಿಲ್ಲ. ಆಟ ಮುಗಿದ ಮೇಲೆ ಅವರಿಬ್ಬರೂ ಸಭಾಂಗಣದ ಮೆಟ್ಟಿಲಿನ ಮೇಲೆ ಕೂತಿದ್ದರಂತೆ. ಅವನು ಫೋನು ತೆಗೆದ. ಇವಳು "ಇರಿ, ಮೊದ್ಲು ಹೇಳಿ. ನೀವು ಹೆದರಿದ್ದು ಎಲ್ಲಿ?" ಅಂದಳು. ಅವನು ನಕ್ಕ. "ಇದೆಂತ ಪ್ರಶ್ನೆ?" ಅಂದ. ಆಮೇಲೆ ಹೇಳಿದನಂತೆ, "ನಿಮ್ಮ ರಾಜ ಮೇಲೆ ಬಂತಲ್ಲ, ಆಗ ಅಲ್ಲ. ಅದ್ರ ನಂತ್ರ ನೀವು ನೀರು ಕುಡಿದ್ರಲ್ಲ, ಆಗ. ಅಷ್ಟು ಆರಾಮಾಗಿ." ಇಬ್ಬರೂ ಕಾಯಿ ಜೋಡಿಸಿ ನೋಡುತ್ತ ಕೂತಿದ್ದಾಗ ಅವನ ತಂದೆ ಬಂದರು. ಮಗನನ್ನು ಎಬ್ಬಿಸಿದರು. ಸೋತವನು ಗೆದ್ದವಳ ಜೊತೆ ಮೆಟ್ಟಿಲ ಮೇಲೆ ಕೂತು ನಗುವುದು ಅವರಿಗೆ ಹಿಡಿಸಲಿಲ್ಲ. ದೂರು ಬರೆದದ್ದು ಅವರು, ಮಗನ ಹೆಸರಿನಲ್ಲಿ.

ದೂರಿನಲ್ಲಿ ಇದ್ದದ್ದು ಎರಡು ಮಾತು. ಒಂದು, ಅವಳ ನಡೆಗಳಲ್ಲಿ ಶೇಕಡಾ ತೊಂಬತ್ತಾರು ಕಂಪ್ಯೂಟರಿನ ನಡೆಗಳಿಗೆ ಹೊಂದುತ್ತವೆ. ಆ ಆಟದ ಮೊದಲ ಹನ್ನೆರಡು ನಡೆ ನಾವು ಬಾಯಿಪಾಠ ಮಾಡಿದ್ದು. ಆಮೇಲೆ ಕಾಯಿಗೆ ಕಾಯಿ ಹೊಡೆದದ್ದು, ಅಲ್ಲಿ ಬೇರೆ ದಾರಿಯೇ ಇಲ್ಲ. ಬಾಗಿಲಿರುವ ಕಡೆಯಿಂದಲೇ ಮನೆಯೊಳಗೆ ಹೋದವರನ್ನು, ಯಂತ್ರವೂ ಇಲ್ಲಿಂದಲೇ ಹೋಗುತ್ತಿತ್ತು ಅಂತ ಹಿಡಿದ ಹಾಗೆ ಇದು. ಈ ಲೆಕ್ಕದಲ್ಲಿ ನಾನೂ ಎಷ್ಟೋ ಸಲ ಕಂಪ್ಯೂಟರ್ ಆಗಿದ್ದೇನೆ, ಸೋತ ಆಟಗಳಲ್ಲೂ.

ಎರಡನೆಯದು ಗಂಗಿಯ ಬುಟ್ಟಿ. ಹೇಗೂ ಮಗಳ ಜೊತೆ ಕುಮಟಾಕ್ಕೆ ಹೋಗುವುದು, ಬುಟ್ಟಿ ಖಾಲಿ ಯಾಕೆ ಅಂತ ಅವಳು ಬಂಗಡೆ ತುಂಬಿಕೊಂಡು ಹೋಗಿದ್ದಳು. ಮಾರಿ ಮುಗಿಸಿ ಸಭಾಂಗಣದ ಕಿಟಕಿಯ ಹೊರಗೆ ನಿಂತಿದ್ದಳು. ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ, ಸೊಂಟದಿಂದ ತಲೆಗೆ ಬದಲಿಸುತ್ತ ಸಂಜ್ಞೆ ಕೊಡುತ್ತಿದ್ದಳು ಅಂತ ದೂರು. ಬುಟ್ಟಿಯಲ್ಲಿ ಫೋನಿತ್ತು ಅಂತ ದೂರು. ಹುಡುಕಿದರಾ? ಇಲ್ಲ. ಮೀನು ಬುಟ್ಟಿಗೆ ಕೈ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ವಾಸನೆಗೆ ಹೇಸಿದರು, ಆರೋಪಕ್ಕೆ ಹೇಸಲಿಲ್ಲ.

ಶಿಫಾರಸಿನ ಈ ಸಾಲನ್ನು ನಾನು ಓದಿ ಹೇಳಿದಾಗ ಗಂಗಿ ಮೀನು ಕೊಯ್ಯುತ್ತಿದ್ದಳು. ಕತ್ತಿ ನಿಲ್ಲಿಸಲಿಲ್ಲ. "ಹಂಗಾರೆ ನಾ ಬುಟ್ಟಿ ತಲೆಗಿಟ್ರೆ ಆನೆ, ಸೊಂಟಕ್ಕಿಟ್ರೆ ಕುದುರೆಯಾ? ಇಷ್ಟ್ ವರ್ಷ ಬುಟ್ಟಿ ಹೊತ್ತೆ, ಕುಮಟಾ ಪೇಟೆಲಿ ಎಷ್ಟ್ ಜನಕ್ಕೆ ಆಟ ಗೆಲ್ಲಿಸ್ದೆನೋ ಏನೋ, ಒಬ್ಬಂವನೂ ಒಂದ್ ಚಾ ಕುಡ್ಸಲಿಲ್ಲ." ನಾನು ನಕ್ಕೆ. ಅವಳು ನಗಲಿಲ್ಲ. ಮೀನಿನ ತಲೆ ತೆಗೆದು ಬದಿಗಿಟ್ಟು, "ನಾ ಹೋಗ್ಬಾರ್ದಿತ್ತು ಮಾಲಿನಿ" ಅಂದಳು. "ನಾ ಬುಟ್ಟಿ ಬಿಟ್ಟು, ಒಳ್ಳೆ ಸೀರೆ ಉಟ್ಟು ಹೋಗಿದ್ರೆ ಅವ್ಳಿಗೆ ಇದು ಬರ್ತಿರ್‍ಲಿಲ್ಲ." ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡಿದ್ದಾಳೆ. ಮಗಳು ಗೆಲ್ಲಲಿ ಅಂತಲ್ಲ. ಮಗಳು ಕಳ್ಳಿಯಲ್ಲ ಅಂತ ಯಾರಾದರೂ ಒಬ್ಬರು ಹೇಳಲಿ ಅಂತ.

ನಾನು ರಾಯರ ಮನೆಗೂ ಹೋದೆ. ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು, ಕರ್ಕಿ ದಾಟಿ ಕುಮಟಾದ ಬಸ್ಸಿನಲ್ಲಿ ನಿಂತುಕೊಂಡೇ. ಅವರು ಮರ್ಯಾದೆಯಿಂದ ಕೂರಿಸಿದರು, ಪಾನಕ ಕೊಟ್ಟರು. ಈ ಪಾನಕದ ಮರ್ಯಾದೆ ನನಗೆ ಹೊಸದಲ್ಲ. ಗೌರವಧನ ಕೇಳಲು ಹೋದಾಗ ಅಧಿಕಾರಿಗಳೂ ಇದನ್ನೇ ಕೊಡುತ್ತಾರೆ.

"ಅಕ್ಕೋರೆ, ನೀವು ಮಕ್ಕಳಿಗೆ ಕಲಿಸುವವ್ರು. ಇಂಥದ್ದಕ್ಕೆ ಬೆಂಬಲ ಕೊಡ್ಬಾರ್ದು" ಅಂದರು.

ನಾನು ಎಂಜಿನ್ ತೆರೆದೆ. ಆ ಕುದುರೆ, ಆ ಕಾಲಾಳು, ಆ ರಾಜ, ಎಲ್ಲ ಜೋಡಿಸಿದೆ. "ನೋಡಿ" ಅಂದೆ. "ಅದು ಹೇಳುವ ಮೊದಲ ನಡೆ ಎಂತದು? ಕುದುರೆ ಹಿಂದೆ. ಎರಡನೆಯದು? ಕುದುರೆ ಇನ್ನೊಂದು ಕಡೆಗೆ. ರಾಜನ ನಡೆ ಎಲ್ಲಿದೆ? ಪಟ್ಟಿಯಲ್ಲೇ ಇಲ್ಲ. ನಾನಾಗಿ ಇಟ್ಟರೆ ಮೈನಸ್ ಮೂರು ಅನ್ನುತ್ತದೆ. ಸೋಲು ಅನ್ನುತ್ತದೆ. ಕದ್ದು ಫೋನು ನೋಡುವವರಿಗೆ ಸಿಗುವುದು ಈ ಉತ್ತರ. ಬುಟ್ಟಿಯಲ್ಲಿ ಫೋನಿದ್ದಿದ್ದರೆ ಅವಳು ಕುದುರೆ ಹಿಂದೆ ತೆಗೆಯುತ್ತಿದ್ದಳು ರಾಯರೇ. ಇದನ್ನು ಹೀಗೇ ಓಡಲು ಬಿಟ್ಟು, ಊಟ ಮಾಡಿ ಬಂದು ನೋಡಿದರೆ ಆಗ ಅಂಕಿ ಪ್ಲಸ್ಸಿಗೆ ತಿರುಗುತ್ತದೆ. ನಿಮ್ಮ ವರದಿ ಬಂದದ್ದು ದೊಡ್ಡ ಯಂತ್ರದಿಂದ, ಅದು ಗಂಟೆಗಟ್ಟಲೆ ಓಡಿದ ಮೇಲೆ. ಆಟ ನಡೆಯುವಾಗ ಅಷ್ಟು ಹೊತ್ತು ಯಾರ ಹತ್ತಿರ ಇತ್ತು? ಕೂತಿರಿ, ನಿಮ್ಮ ಕಣ್ಣೆದುರೇ ತಿರುಗಿಸಿ ತೋರಿಸುತ್ತೇನೆ."

"ಅಷ್ಟೊತ್ತು ಯಾರು ಕಾಯ್ತಾರೆ ಅಕ್ಕೋರೆ" ಅಂದರು. ಲೋಟ ಎತ್ತಿಡಲು ಒಳಗೆ ಕೂಗಿದರು. ಆಮೇಲೆ, ನಾನು ಎದ್ದು ನಿಂತ ಮೇಲೆ, ಅವರು ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಇದು. "ಮೊದ್ಲೇ ನೋಡಿದ್ದೆ ಅಂತಾಳೆ ನಿಮ್ಮ ಹುಡುಗಿ. ಆತು. ಎಲ್ಲಿ ನೋಡಿದ್ದು? ಯಾರು ತೋರಿಸಿದ್ದು? ಸಭೆಲಿ ಎರಡು ಸಲ ಕೇಳಿದೆ. ಬಾಯಿ ಬಿಡ್ಲಿಲ್ಲ. ಸತ್ಯ ಇದ್ದವ್ರು ಸುಮ್ನೆ ಕೂರ್ತಾರಾ? ಹೆಸರು ಹೇಳಿ, ಆ ಮನುಷ್ಯ ಬಂದು ಹೌದು ಅನ್ಲಿ. ನಾನೇ ಶಿಫಾರಸು ಹರಿದು ಹಾಕ್ತೆ."

ನಾನು ತೋರಿಸಿದ್ದಲ್ಲ. ಪುಸ್ತಕದಲ್ಲಿಯೂ ಇಲ್ಲ, ಹುಡುಕಿದ್ದೇನೆ. ಮನೆಗೆ ಬಂದು ಧನ್ಯಶ್ರೀಯನ್ನು ಕೇಳಿದೆ. "ನೋಡಿದ್ದೆ ಅಕ್ಕೋರೆ, ಅಷ್ಟೆ" ಅಂದಳು. ಎಲ್ಲಿ ಅಂದರೆ ಉಗುರು ಕಚ್ಚುತ್ತ ಕೂತಳು. ಗದರಿಸಿದೆ. ಎದ್ದು ಹೋದಳು. ಆ ಒಂದು ಹೆಸರಿಲ್ಲದೆ ಇವತ್ತು ಅವಳು ಕಳ್ಳಿ.

ಈಗ ನಿನ್ನ ಮಾತು.

ರಾಯರು ಅಧ್ಯಕ್ಷರಾಗಿರುವುದು ಚೆಸ್ ಸಂಘಕ್ಕೆ ಮಾತ್ರ ಅಲ್ಲ, ನಿನ್ನ ಹೈಸ್ಕೂಲಿನ ಆಡಳಿತ ಮಂಡಳಿಗೂ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಇದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಜಯಶ್ರೀ ಹೋದ ವಾರ ಫೋನು ಮಾಡಿದ್ದಳು. "ಅವ್ರು ಊಟ ಸಮ ಮಾಡೂದಿಲ್ಲ ಅಕ್ಕಾ. ಚೆಸ್ ಹಲಗೆ ಕಪಾಟಿನ ಮೇಲೆ ಎತ್ತಿಟ್ಟಿದ್ದಾರೆ" ಅಂದಳು. ನೀನು ರಾಕ್ಷಸನಲ್ಲ. ರಾಕ್ಷಸನಾಗಿದ್ದರೆ ನನಗೆ ಕೆಲಸ ಸುಲಭವಿತ್ತು, ಒಂದು ಧಿಕ್ಕಾರ ಕೂಗಿ ಮುಗಿಸುತ್ತಿದ್ದೆ. ಸಂಬಳವಿಲ್ಲದೆ ಹತ್ತು ತಿಂಗಳು ದುಡಿದವಳು ನಾನು, ಕೆಲಸ ಕಳೆದುಕೊಳ್ಳುವ ಹೆದರಿಕೆ ಹೊಟ್ಟೆಯ ಯಾವ ಭಾಗದಲ್ಲಿ ಇರುತ್ತದೆ ಅಂತ ಬಲ್ಲೆ. ಹೆದರಿ ಸಹಿ ಹಾಕಿದೆ. ಇರಲಿ. ಆದರೆ ಆ ಸಹಿಯ ಮೇಲಿನ ಸಾಲು ಓದಿಯೇ ಹಾಕಿದೆಯಾ? "ಕುದುರೆಯನ್ನು ಬಿಟ್ಟು ರಾಜನನ್ನು ನಡೆಸಿದ ಈ ನಡೆ ಮನುಷ್ಯರಿಗೆ ಹೊಳೆಯುವಂಥದ್ದಲ್ಲ." ಬರೆದವರಿಗೆ ಕುದುರೆ ಹೇಗೆ ಹಾರುತ್ತದೆಂದು ಗೊತ್ತೋ ಇಲ್ಲವೋ. ನಿನಗೆ ಗೊತ್ತು.

ಹೊಳೆಯುವುದು ಯಾರಿಗೆ, ಹೊಳೆಯದಿರುವುದು ಯಾರಿಗೆ ಅಂತ ಇವರು ಯಾವಾಗಿನಿಂದ ಪಟ್ಟಿ ಮಾಡಲು ಶುರು ಮಾಡಿದರು? ಸುಮಿತ ಅದೇ ನಡೆ ಇಟ್ಟಿದ್ದರೆ ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು, ಪ್ರತಿಭೆ ಅನ್ನುತ್ತಿದ್ದರು. ಗಂಗಿಯ ಮಗಳು ಇಟ್ಟರೆ ಬುಟ್ಟಿಯಲ್ಲಿ ಫೋನು ಹುಡುಕುತ್ತಾರೆ. ನಮ್ಮವರು ಸೋತರೆ ಸಹಜ, ಗೆದ್ದರೆ ಸಾಕ್ಷಿ ಬೇಕು. ಈ ಮಾತನ್ನು ನಾನು ಕಾರವಾರದ ಧರಣಿಯಲ್ಲಿ ಮೈಕು ಹಿಡಿದು ಹೇಳಿದ್ದೇನೆ, ಎದುರಿಗೆ ಯಾರ್‍ಯಾರೋ ಇರುತ್ತಿದ್ದರು. ಎದುರಿಗೆ ನೀನಿರುತ್ತೀ ಅಂತ ಅಂದುಕೊಂಡಿರಲಿಲ್ಲ.

ಇನ್ನು ಬರೆದರೆ ಬೈಗುಳವಾಗುತ್ತದೆ. ಮೈ ನೋಡಿಕೋ. ಜಯಶ್ರೀಗೆ ಕೇಳಿದ್ದೇನೆಂದು ಹೇಳು. ಹಲಗೆಯನ್ನು ಕಪಾಟಿನಿಂದ ಕೆಳಗಿಳಿಸು, ಮರಕ್ಕೆ ಹುಳ ಹಿಡಿಯುತ್ತದೆ. ದೇವರು ನಿನಗೆ ಒಳ್ಳೆಯದು ಮಾಡಲಿ, ಖಾಯಂ ಕೆಲಸವನ್ನೂ ಕೊಡಲಿ, ಆದರೆ ಈ ಬೆಲೆಗೆ ಬೇಡ.

ನಿನ್ನ ಅಕ್ಕ,
ಮಾಲಿನಿ

ಮರೆತ ಮಾತು. ಮಂಗಳವಾರ ಬರೆಯುತ್ತಿದ್ದೇನೆ.

ಕಾಗದ ಅಂಟಿಸಿ ಅಂಚೆಗೆ ಹೊರಟಿದ್ದೆ. ಧನ್ಯಶ್ರೀ ಜಗಲಿಗೆ ಬಂದು ಕೂತಳು. ಲಕೋಟೆಯ ಮೇಲೆ ನಿನ್ನ ಹೆಸರು ನೋಡಿದಳು. "ಸಂತೋಷಣ್ಣಂಗೆ ಬೈದ್ರಾ?" ಅಂದಳು. "ಬೈಬ್ಯಾಡಿ ಅಕ್ಕೋರೆ." ಯಾಕೆ ಬೈಯಬಾರದು ಅಂತ ಕೇಳಿದೆ. ಮತ್ತೆ ಉಗುರು ಕಚ್ಚಿದಳು. ಗದರಿಸಿ ಪ್ರಯೋಜನವಿಲ್ಲ ಅಂತ ಈ ಸಲ ಅಪ್ಪನ ಪ್ರಶ್ನೆ ಕೇಳಿದೆ. "ಆತು. ಹೆದರಿದ್ದು ಎಲ್ಲಿ, ಹೇಳು."

"ಹಲಗೆ ಮೇಲೆ ಅಲ್ಲ" ಅಂದಳು. ಆಮೇಲೆ ಎಲ್ಲ ಹೇಳಿದಳು. ಲಕೋಟೆ ಹರಿದು ಈ ಹಾಳೆ ಸೇರಿಸಿದ್ದೇನೆ.

ನಾನು ಬೆಂಗಳೂರಿನ ಧರಣಿಗೆ ಹೋಗಿದ್ದ ವಾರ ನೀನು ಭಟ್ಕಳದ ಟೂರ್ನಿಯಲ್ಲಿ ಒಂದು ಆಟ ಸೋತು ಮನೆಗೆ ಬಂದಿದ್ದೆಯಂತೆ. ಅವಳಿಗೆ ಆಗ ಹದಿಮೂರು. ಅವಳ ಎದುರೇ ಕಾಯಿ ಜೋಡಿಸಿದೆಯಂತೆ. "ಕುದುರೆ ಸಾಯ್ತದೆ ಅಂತ ಹೆದರಿ ಹಿಂದೆ ತೆಗ್ದೆ, ಅಲ್ಲೇ ಸೋತೆ" ಅಂದೆಯಂತೆ. ಸ್ವಲ್ಪ ಹೊತ್ತು ಕೂತು, ಎಂಜಿನ್ ಇನ್ನೂ ತೆರೆದಿರಲಿಲ್ಲ, "ಸಾಯ್ಲಿ ಕುದುರೆ. ರಾಜ ನಡೀಲಿ" ಅಂದೆಯಂತೆ. ಆಮೇಲೆ ಎಂಜಿನ್ ಮೈನಸ್ ಮೂರು ಅಂದಿತು. ಅವಳು ನಕ್ಕಳು. ನೀನು "ನಗಬ್ಯಾಡ, ಓಡ್ಲಿ ಅದು" ಅಂದೆ. ಇಬ್ಬರೂ ಗಂಗಿಯ ಮನೆಯಲ್ಲಿ ಬಂಗಡೆ ಸಾರು, ಅನ್ನ ಊಟ ಮಾಡಿ ಬಂದಿರಿ. ಅಂಕಿ ತಿರುಗಿತ್ತು. ನೀನು ಅಂಗಳದಲ್ಲಿ ಕುಣಿದೆಯಂತೆ, ಸಂತೋಷ. ಯಕ್ಷಗಾನದವರ ಹಾಗೆ ಎರಡು ಸುತ್ತು ಹಾಕಿದೆಯಂತೆ. "ಇದು ಪುಸ್ತಕದಲ್ಲಿ ಇಲ್ಲ, ಇದು ನಂದು. ನಂಗಂತೂ ಆಡೂಕೆ ಆಗ್ಲಿಲ್ಲ. ನಿಂಗೆ ಯಾವಾಗಾದ್ರೂ ಸಿಕ್ರೆ ಬಿಡಬ್ಯಾಡ, ನನ್ ಲೆಕ್ಕಕ್ಕೆ ಆಡು" ಅಂದೆಯಂತೆ.

ಕುಮಟಾದಲ್ಲಿ ಅದು ಸಿಕ್ಕಿತು. ಅಂದು ನೀನು ಜೋಡಿಸಿದ್ದಕ್ಕಿಂತ ಒಂದು ಕಾಲಾಳು ಮಾತ್ರ ಪಕ್ಕದ ಮನೆಯಲ್ಲಿತ್ತು, ಅಷ್ಟು ಹೊತ್ತು ಕೂತು ಲೆಕ್ಕ ಹಾಕಿದ್ದು ಅದಕ್ಕೇ. ಅವಳು ರಾಜನನ್ನು ಎತ್ತಿ ಮುಂದಿಟ್ಟಾಗ ತೀರ್ಪುಗಾರನಾಗಿ ನೀನು ಹಲಗೆಯ ಪಕ್ಕದಲ್ಲೇ ನಿಂತಿದ್ದೆ. ನೀನು ನಕ್ಕೆ. ಅವಳು ನೋಡಿದಳು. ನೀರು ಕುಡಿದದ್ದು ಆಗ. ಸುಮಿತ ಹೆದರಿದ್ದು ಅವಳ ಆರಾಮು ನೋಡಿ. ಆ ಆರಾಮು ಎಲ್ಲಿಂದ ಬಂತು ಅಂತ ಈಗ ತಿಳಿಯಿತಾ?

ವಿಚಾರಣೆಯಲ್ಲಿ ರಾಯರು "ಯಾರು ತೋರಿಸಿದ್ದು" ಅಂತ ಕೇಳಿದಾಗ ಅವಳು ನಿನ್ನನ್ನು ನೋಡಿದಳಂತೆ. ತೀರ್ಪುಗಾರನ ಶಿಷ್ಯರು ಯಾರೂ ಆಡುತ್ತಿಲ್ಲ ಅಂತ ಟೂರ್ನಿಗೆ ಮೊದಲು ನೀನು ಬರೆದುಕೊಟ್ಟದ್ದು ಅವಳಿಗೆ ಗೊತ್ತಿತ್ತು. ಅವಳು ಹೆಸರು ಹೇಳಿದರೆ ನಿನ್ನ ಸುಳ್ಳು ಹೊರಗೆ ಬೀಳುತ್ತದೆ, ಕೆಲಸ ಹೋಗುತ್ತದೆ. ಅದಕ್ಕೇ ಹೇಳಲಿಲ್ಲ. ನೀನಾಗಿ ಹೇಳುತ್ತೀ ಅಂತ ಕಾದಳು. ರಾಯರು ಎರಡನೇ ಸಲ ಕೇಳಿದರು. ನೀನು ಮೇಲೆ ತಿರುಗುವ ಫ್ಯಾನು ನೋಡಿದೆಯಂತೆ.

"ಆಗ ಹೆದರಿಕೆ ಆತು ಅಕ್ಕೋರೆ" ಅಂದಳು. "ಅಣ್ಣಂಗೆ ನೆನ್ಪೇ ಇಲ್ವೇನೋ, ನಾನೇ ಕನಸು ಕಂಡಿದ್ನೇನೋ ಅಂತ."

ಮೀನುಗಾರರ ಹುಡುಗಿಗೆ ಇಂಥದ್ದು ಹೊಳೆಯುವುದಿಲ್ಲ ಅಂತ ಅವರು ಬರೆದರು. ಅವರಿಗೆ ತಿಳಿಯದ್ದು, ಅದು ಮೊದಲು ಹೊಳೆದದ್ದು ಮೀನುಗಾರರ ಹುಡುಗನಿಗೆ. ನೀನು ಇಷ್ಟು ವರ್ಷದಲ್ಲಿ ಕಂಡ ಒಂದೇ ಒಂದು ದೊಡ್ಡ ನಡೆ ಅದು. ಮನುಷ್ಯರು ಕಾಣಲಾರದ ನಡೆ ಅಂತ ಅದರ ಕೆಳಗೆ ನಿನ್ನದೇ ಕೈಯಲ್ಲಿ ಸಹಿ ಹಾಕಿದೆ. ನೀನು ಅವಳನ್ನು ಮಾರಿದ್ದು ನನಗೆ ಸಿಟ್ಟು ತರಿಸಿತ್ತು. ಅಂಗಳದಲ್ಲಿ ಕುಣಿದವನನ್ನೂ ಮಾರಿದ್ದು ಈಗ ತಿಳಿದು, ಸಿಟ್ಟೂ ಬರುತ್ತಿಲ್ಲ. ನಿನ್ನ ಬೆರಳು ಹಿಡಿದು ಕಾಯಿ ನಡೆಸಲು ಕಲಿಸಿದ್ದು ನಾನು.

ಹೆಸರು ಹೇಳಬಾರದೆಂದು ಅವಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಹಾಕಿದ್ದೇನೆ. ಅವಳೂ ಹೇಳುವುದಿಲ್ಲ. ಮುಂದಿನ ಸಭೆಗೆ ನಾನು ಹಲಗೆ ತರುತ್ತೇನೆ, ಗಂಗಿ ಬುಟ್ಟಿ ತರುತ್ತಾಳೆ, ಬೇಕಾದವರು ಕೈ ಹಾಕಿ ನೋಡಲಿ. ಈ ಸಲ ನಾನು ಚಪ್ಪಲಿಗಳ ಹತ್ತಿರ ನಿಲ್ಲುವುದಿಲ್ಲ. ಆ ಕುದುರೆ, ಆ ಕಾಲಾಳು, ಆ ರಾಜ, ಜೋಡಿಸಿ ಇಡುತ್ತೇನೆ. ರಾಯರು ಅದೇ ಪ್ರಶ್ನೆ ಮೂರನೇ ಸಲ ಕೇಳುತ್ತಾರೆ. ನಾವು ಯಾರೂ ಉತ್ತರ ಕೊಡುವುದಿಲ್ಲ. ಕೋಣೆಯಲ್ಲಿ ಎಷ್ಟು ಹೊತ್ತು ಸದ್ದಿಲ್ಲದೆ ಇರುತ್ತದೆಯೋ ಅಷ್ಟು ಹೊತ್ತು ನಾನು ನಿನ್ನ ಮುಖವನ್ನೇ ನೋಡುತ್ತಿರುತ್ತೇನೆ. ಫ್ಯಾನು ನೋಡಬೇಡ.

ಸಂಘದ ಸಭಾಂಗಣ, ಕುಮಟಾ. ಭಾನುವಾರ, ನವೆಂಬರ್ 24. ಬೆಳಿಗ್ಗೆ ಹತ್ತೂವರೆಗೆ.